ಫೆಲ್ಥಮ್‌ನಲ್ಲಿ ಮೇಷ್ಟ್ರ ವಿಚಾರಣೆ

ಹೋದ ತಿಂಗಳು ಗೆಳತಿಯ ಮೊಮ್ಮಗುವಿನ ನಾಮಕರಣಕ್ಕೆಂದು ಲಂಡನ್ನಿನ ಏರ್‌ಪೋರ್ಟಿನ ಪಕ್ಕದ ಫೆಲ್ಥಮ್‌ಗೆ ಹೋಗಿದ್ದೆ. ನಾವು ಆ ಊರು ಬಿಟ್ಟು ಎಷ್ಟೋ ವರ್ಷಗಳಾದವು. ಹಾಲ್ ಮಾತ್ರ ಅದೇ, ಊರಿನ ಆಡಳಿತ ನಡೆಸುವ ಕೌನ್ಸಿಲ್‌ನದು. ಬಾಗಿಲು ತಳ್ಳುತ್ತಲೇ ಬಿಸಿಯಾದ ರೇಡಿಯೇಟರಿನ ಧೂಳು, ಮರದ ನೆಲದ ಪಾಲಿಷ್, ಹೊರಗಿನಿಂದ ನುಗ್ಗುವ ವಿಮಾನದ ಎಣ್ಣೆಯ ಕಮಟು, ಮೂರೂ ಸೇರಿದ ಆ ಹಳೆಯ ವಾಸನೆ ಮೂಗಿಗೆ ಬಡಿಯಿತು. ಹೆಂಗಸರು ತೊಟ್ಟಿಲು ಸಿಂಗರಿಸುತ್ತಿದ್ದರು. ನನ್ನ ಕಣ್ಣು ವೇದಿಕೆಯ ಎಡಮೂಲೆಗೆ ಹೋಯಿತು. ತೊಂಬತ್ತೊಂಬತ್ತರ ಫೆಬ್ರವರಿಯಲ್ಲಿ ಶ್ರೀನಿವಾಸಮೂರ್ತಿ ಮೇಷ್ಟ್ರು ಅಲ್ಲೊಂದು ಮಡಚುವ ಕುರ್ಚಿಯ ಮೇಲೆ ಕೈಕಟ್ಟಿ ಕೂತಿದ್ದರು. ಅವರೆದುರು ನಾನು ನ್ಯಾಯಾಧೀಶೆಯಾಗಿ ಕೂತಿದ್ದೆ. ನಗಬೇಡಿ, ನಿಜವಾಗಿ ನಡೆದದ್ದು.

ಅನುಮಾನ ನನಗೆ ಹುಟ್ಟುಗುಣ. ಧಾರವಾಡದಲ್ಲಿದ್ದಾಗ ಹಾಲಿಗೆ ಬೆರಳದ್ದಿ ನೋಡದೆ ಪಾತ್ರೆ ಹಿಡಿದವಳಲ್ಲ ನಾನು. ಇಲ್ಲಿಗೆ ಬಂದಮೇಲೆ ದೇವರು ಅಂಥದ್ದೇ ಕೆಲಸ ಕೊಟ್ಟ. ವಿಮಾನಗಳಿಗೆ ಊಟ ಕಳಿಸುವ ದೊಡ್ಡ ಅಡಿಗೆಮನೆಯಲ್ಲಿ ತಪಾಸಣೆ. ಅನ್ನಕ್ಕೆ ಥರ್ಮಾಮೀಟರ್ ಚುಚ್ಚು, ಸಾರು ಮೂಸು, ಸರಿಯಿಲ್ಲ ಅನ್ನಿಸಿದರೆ ಇಡೀ ಟ್ರಾಲಿ ಹಿಂದಕ್ಕೆ ಕಳಿಸು. ಬಾಣಸಿಗರು ನನ್ನನ್ನು ಕಂಡರೆ ಮುಖ ತಿರುಗಿಸುತ್ತಿದ್ದರು. ಮಗಳಂತೂ, “ಅಮ್ಮಾ, ಯು ಡೋಂಟ್ ಈವನ್ ಟ್ರಸ್ಟ್ ದ ಸನ್,” ಎಂದು ಛೇಡಿಸುತ್ತಿದ್ದಳು. ಲಂಡನ್ನಿನ ಸೂರ್ಯನನ್ನು ನಂಬಿ ಸೀರೆ ಒಣಹಾಕಿದವರ ಪಾಡು ನನಗೆ ಗೊತ್ತಿತ್ತು.

ಆಗ ನಮ್ಮದೊಂದು ಸಣ್ಣ ಕನ್ನಡ ಕೂಟವಿತ್ತು. ಮೈಸೂರು, ಬೆಂಗಳೂರು ಕಡೆಯ ಡಾಕ್ಟರ ಮನೆಗಳು, ನಮ್ಮಂಥ ಏರ್‌ಪೋರ್ಟ್ ಕೆಲಸದವರು, ಆಗತಾನೆ ಬರತೊಡಗಿದ್ದ ಕಂಪ್ಯೂಟರಿನ ಹುಡುಗರು. ತಿಂಗಳಿಗೊಮ್ಮೆ ಸೇರಿ ಉಣ್ಣುವುದು, ಮಕ್ಕಳಿಗೆ ನಾಲ್ಕಕ್ಷರ ಕಲಿಸುವುದು, ಇಷ್ಟೇ. ಹಾಲ್ ಕಡಿಮೆ ಬಾಡಿಗೆಗೆ ಬೇಕಿದ್ದರೆ ಸಂಘಕ್ಕೆ ಬರೆದ ನಿಯಮಗಳಿರಬೇಕೆಂದು ಕೌನ್ಸಿಲ್‌ನವರು ಹೇಳಿದರು. ಅರ್ಧ ಪುಟ ಸಾಕಿತ್ತು. ಆದರೆ ನಮ್ಮ ಅಧ್ಯಕ್ಷರು ಶ್ರೀನಿವಾಸಮೂರ್ತಿ ಮೇಷ್ಟ್ರು. ಮೈಸೂರಿನ ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಹೇಳುತ್ತಿದ್ದವರು. ಹೆಂಡತಿ ವಸಂತಾ ಇಲ್ಲಿನ ಆಸ್ಪತ್ರೆಯಲ್ಲಿ ಡಾಕ್ಟರ್ ಆದ್ದರಿಂದ ಅವರ ಜೊತೆ ಬಂದು, ಹೌನ್ಸ್ಲೋದ ಒಂದು ಸಂಜೆ ಕಾಲೇಜಿನಲ್ಲಿ ಎ ಲೆವೆಲ್‌ನವರಿಗೆ, ಅಂದರೆ ನಮ್ಮ ಪಿಯುಸಿಯಂಥ ತರಗತಿಯವರಿಗೆ, ಅಮೆರಿಕದ ಸರ್ಕಾರದ ಪಾಠ ಮಾಡುತ್ತಿದ್ದರು. ಬ್ರಿಟನ್ನಿಗೆ ಒಂದೇ ಕಡೆ ಬರೆದಿಟ್ಟ ಸಂವಿಧಾನ ಇಲ್ಲವೆಂಬುದು ಅವರನ್ನು ಹಲ್ಲುನೋವಿನಂತೆ ಕಾಡುತ್ತಿತ್ತು. ಮಾತು ಎಲ್ಲಿಂದ ಶುರುವಾದರೂ ಅಮೆರಿಕಕ್ಕೇ ಹೋಗಿ ನಿಲ್ಲುತ್ತಿತ್ತು. ಹಾಗಾಗಿ ಅರ್ಧ ಪುಟದ ಬದಲು ಒಂದು ಕಟ್ಟು ಹಾಳೆ ಬರೆದು ತಂದರು.

“ಇದೇನ್ರೀ ಮೇಷ್ಟ್ರೇ, ಸಂಘ ನಡಸ್ಲಿಕ್ಕೋ ರಾಜ್ಯ ಆಳ್ಲಿಕ್ಕೋ?” ಎಂದೆ.

“ಎರಡಕ್ಕೂ ಒಂದೇ ನಿಯಮ, ಪದ್ಮಾವತಿಯವರೇ. ಕಾನೂನು ಮಾಡೋರು ಒಬ್ಬರು, ನಡೆಸೋರು ಇನ್ನೊಬ್ಬರು, ತೀರ್ಪು ಹೇಳೋರು ಮತ್ತೊಬ್ಬರು. ಮೂರೂ ಅಧಿಕಾರ ಒಂದೇ ಕೈಲಿದ್ದರೆ ಆ ಕೈ ಎಷ್ಟೇ ಒಳ್ಳೇದಾದರೂ ನಂಬಬಾರದು. ಅಮೆರಿಕದಲ್ಲಿ ಕಾಂಗ್ರೆಸ್ಸು ಮಾಡಿದ ಕಾನೂನನ್ನ ಅಧ್ಯಕ್ಷ ತಡೀಬಹುದು. ಅವನು ತಡೆದರೆ ಎರಡೂ ಸಭೇಲಿ ಮೂರರಲ್ಲಿ ಎರಡು ಪಾಲು ಜನ ಸೇರಿ ಅವನನ್ನ ಮೀರಬಹುದು. ಇಬ್ಬರೂ ಒಪ್ಪಿ ಮಾಡಿದ್ದನ್ನೂ ಕೋರ್ಟು ಸಂವಿಧಾನಕ್ಕೆ ವಿರುದ್ಧ ಅಂತ ಹೊಡೆದುಹಾಕಬಹುದು. ಒಬ್ಬರ ಮೇಲೆ ಇನ್ನೊಬ್ಬರ ಕಣ್ಣು.”

ನಾನು ಅಲ್ಲೇ ಮನಸೋತೆ. ಅಷ್ಟು ದೊಡ್ಡ ದೇಶವನ್ನು ನನ್ನಂಥ ಅನುಮಾನದವರು ಕೂತು ಕಟ್ಟಿದ್ದಾರೆಂದು ಕೇಳಿ ಎಷ್ಟು ಸಮಾಧಾನವಾಯಿತೆಂದರೆ ಆ ಹೊತ್ತು ಚಹಾ ಸಿಹಿ ಹೆಚ್ಚಾದದ್ದನ್ನೂ ಬೈಯಲಿಲ್ಲ.

ಮೇಷ್ಟ್ರು ಕೊನೆಯ ಹಾಳೆ ತೆಗೆದು, ಇದು ಸದಸ್ಯರ ಹಕ್ಕುಗಳು, ಅಲ್ಲಿನ ಮೊದಲ ಹತ್ತು ತಿದ್ದುಪಡಿಗಳ ಮಾದರಿ ಎಂದರು. ಮಾತಾಡುವ ಹಕ್ಕು ಮೊದಲನೆಯದು. ಐದನೇ ಕಲಮಿನ ಪ್ರಕಾರ ತನ್ನ ಮೇಲೆ ತಾನೇ ಸಾಕ್ಷಿ ಹೇಳೆಂದು ಯಾರನ್ನೂ ಬಲವಂತ ಮಾಡುವಂತಿಲ್ಲ. ಆರನೆಯದರ ಪ್ರಕಾರ ಆರೋಪಕ್ಕೆ ಸಾಕ್ಷಿಯಾದವರು ಎದುರಿಗೆ ಬಂದು ನಿಲ್ಲಬೇಕು. ಕಂಪ್ಯೂಟರಿನ ಹುಡುಗನೊಬ್ಬ, “ಸಾರ್, ಬಿಸಿಬೇಳೆಬಾತ್ ಮಾಡೋಕೆ ಇದೆಲ್ಲ ಬೇಕಾ?” ಎಂದ. “ಬಿಸಿಬೇಳೆಬಾತ್‌ಗೆ ಬೇಡಪ್ಪ, ಜಗಳಕ್ಕೆ ಬೇಕು,” ಎಂದರು ಮೇಷ್ಟ್ರು. ಅಧ್ಯಕ್ಷನೇ ತಪ್ಪು ಮಾಡಿದರೆ ಹತ್ತು ಮಂದಿ ಸಹಿ ಹಾಕಿ ವಿಚಾರಣೆಗೆ ಕರೆಯಬಹುದೆಂದೂ ಬರೆದಿದ್ದರು. ತೆಗೆಯಲು ಮೂರರಲ್ಲಿ ಎರಡು ಪಾಲು ಮತ ಬೇಕು. ವಿಚಾರಣೆ ನಡೆಸುವುದು ಉಪಾಧ್ಯಕ್ಷರಲ್ಲ, ಏಕೆಂದರೆ ಅಧ್ಯಕ್ಷ ಹೋದರೆ ಆ ಕುರ್ಚಿ ಅವರಿಗೇ ಸಿಗುತ್ತದೆ. ಅಲ್ಲಿ ದೊಡ್ಡ ನ್ಯಾಯಾಧೀಶರು ಕೂರುತ್ತಾರೆ, ಇಲ್ಲಿ ನ್ಯಾಯಪೀಠ. ನ್ಯಾಯಪೀಠಕ್ಕೆ ಯಾರು ಎಂಬ ಪ್ರಶ್ನೆ ಬಂದಾಗ ಮೇಷ್ಟ್ರು ನನ್ನತ್ತ ಕೈ ತೋರಿಸಿ, “ಇವರು ಯಾರನ್ನೂ ನಂಬಲ್ಲ, ಇವರೇ ಆಗಲಿ,” ಎಂದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಹೊಗಳಿದರೋ ಕಿಚಾಯಿಸಿದರೋ ಎಂದು ನಾನು ಮನೆ ತಲುಪುವವರೆಗೂ ಲೆಕ್ಕ ಹಾಕಿದೆ.

ತೊಂಬತ್ತೆಂಟರ ದೀಪಾವಳಿಯ ತನಕ ಸಂವಿಧಾನ ನಮಗೊಂದು ತಮಾಷೆ. ಸಭೆ ಪುಳಿಯೋಗರೆ ಎಂದರೆ ಮೇಷ್ಟ್ರು ತಡೆದರು, ಜನ ಎರಡು ಪಾಲು ಕೈಯೆತ್ತಿ ಅವರನ್ನು ಮೀರಿ ಪುಳಿಯೋಗರೆಯನ್ನೇ ಮಾಡಿದರು. ಮೇಷ್ಟ್ರು ಸೋತಿದ್ದಕ್ಕೇ ಖುಷಿಪಟ್ಟು ಎರಡು ಸಲ ಹಾಕಿಸಿಕೊಂಡರು.

ಹೋಳಿಗೆ ಮಾತ್ರ ಸಭೆಯಲ್ಲಿ ಚರ್ಚೆಗೆ ಬರುತ್ತಿರಲಿಲ್ಲ. ಅದನ್ನು ಮಾಡುತ್ತಿದ್ದವಳು ಜಯಮ್ಮ. ಹಾಸನದ ಕಡೆಯವಳು, ಮೂವತ್ತರ ಆಸುಪಾಸು. ನಮ್ಮ ಉಪಾಧ್ಯಕ್ಷ ಡಾಕ್ಟರ್ ಪ್ರಭಾಕರ್ ಮತ್ತು ಅವರ ಹೆಂಡತಿ ನಳಿನಿ ಅವಳನ್ನು ಬೆಂಗಳೂರಿನಿಂದ ಮನೆಗೆಲಸಕ್ಕೆ ಕರೆತಂದಿದ್ದರು. ಒಂದು ದಿನ ಅವಳು ಉಟ್ಟ ಬಟ್ಟೆಯಲ್ಲೇ ಅವರ ಮನೆ ಬಿಟ್ಟಳು. ಉಂಡ ಮನೆಗೆ ಎರಡು ಬಗೆದಳು ಎಂದು ನಳಿನಿ ಎಲ್ಲರ ಮುಂದೆ ಹೇಳಿದರು. ಯಾಕೆ ಬಿಟ್ಟೆ ಎಂದರೆ ಜಯಮ್ಮ ಬಾಯಿ ಬಿಡುತ್ತಿರಲಿಲ್ಲ. ವೀಸಾ ಆ ಮನೆಗೆ ಕಟ್ಟಿದ್ದು, ಮನೆ ಬಿಟ್ಟಮೇಲೆ ಅವಳು ಈ ದೇಶದಲ್ಲಿ ಕಳ್ಳಿಯ ಲೆಕ್ಕ. ಸೌತ್‌ಹಾಲ್‌ನಲ್ಲಿ ಒಂದು ಪಂಜಾಬಿ ಮನೆಯ ಮೇಲಿನ ಕೋಣೆಯಲ್ಲಿದ್ದು ಹೋಳಿಗೆ, ಚಕ್ಕುಲಿ ಮಾಡಿಕೊಟ್ಟು ಬದುಕುತ್ತಿದ್ದಳು. ಕೋಣೆ ಗೊತ್ತಿದ್ದದ್ದು ಹೋಗಿ ತರುತ್ತಿದ್ದ ಮೂರ್ನಾಲ್ಕು ಜನಕ್ಕೆ ಮಾತ್ರ, ಅದರಲ್ಲಿ ನಾನೊಬ್ಬಳು, ಮೇಷ್ಟ್ರ ಹೆಂಡತಿ ವಸಂತಾ ಒಬ್ಬರು. ನಾನು ಹೋದಾಗ ಅವಳು ಬಸ್ಸಾರು ಬಡಿಸದೆ ಕಳಿಸುತ್ತಿರಲಿಲ್ಲ. ಆ ದೀಪಾವಳಿಗೆ ನಳಿನಿ ಎರಡು ಹೋಳಿಗೆ ತಿಂದು, “ತುಂಬಾ ಚೆನ್ನಾಗಿದೆ, ಯಾರು ಮಾಡಿದ್ದು?” ಎಂದು ಕೇಳಿದರು. ನಾವೆಲ್ಲ ಹಾಲ್‌ನ ಸೂರು ನೋಡಿದೆವು.

ಜನವರಿಯಲ್ಲಿ ಒಂದು ಬೆಳಗ್ಗೆ ವಲಸೆ ಇಲಾಖೆಯವರು ಆ ಕೋಣೆಯ ಬಾಗಿಲು ಬಡಿದರು. ಹೆಸರು ಹಿಡಿದೇ ಕೇಳಿದರಂತೆ. ಜಯಮ್ಮ ಎಲ್ಲೋ ಹೋಗಿದ್ದಳು, ಸಿಕ್ಕಲಿಲ್ಲ. ಮನೆಯೊಡತಿ ಫೋನಿನಲ್ಲಿ ಅಳುತ್ತಾ ನನಗೆ ಹೇಳಿದಳು. ಆಮೇಲೆ ಜಯಮ್ಮನ ಸುಳಿವಿಲ್ಲ. ಹಿಡಿದುಹಾಕಿದರೋ, ಊರಿಗೆ ಕಳಿಸಿದರೋ, ಈ ಚಳಿಯಲ್ಲಿ ಯಾವ ಮೂಲೆಯಲ್ಲಿದ್ದಾಳೋ ಎಂದು ನನ್ನ ಜೀವ ಹೊಡೆದುಕೊಂಡಿತು. ಯಾರೋ ಹೇಳಿಕೊಟ್ಟಿದ್ದಾರೆ, ಅದು ಖಂಡಿತ. ಅಂದಿನಿಂದ ಕೂಟದಲ್ಲಿ ಒಬ್ಬರ ಮುಖ ಒಬ್ಬರು ಓರೆಗಣ್ಣಿನಲ್ಲೇ ನೋಡುವಂತಾಯಿತು. ಸಂಕ್ರಾಂತಿಯ ಎಳ್ಳು ಬೀರುವಾಗಲೂ ಯಾರ ಬಾಯಿಂದಲೂ ಒಳ್ಳೆಯ ಮಾತು ಬರಲಿಲ್ಲ.

ಅಷ್ಟರಲ್ಲಿ ಒಂದು ಸುದ್ದಿ ಹಬ್ಬಿತು. ಮೇಷ್ಟ್ರನ್ನು ಕ್ರಾಯ್ಡನ್‌ನ ವಲಸೆ ಆಫೀಸಿನಲ್ಲಿ ಯಾರೋ ನೋಡಿದ್ದಾರೆ, ಅದೂ ಬಾಗಿಲು ಬಡಿಯುವ ಮುಂಚಿನ ವಾರ. ಬ್ರಿಟಿಷ್ ಪಾಸ್‌ಪೋರ್ಟ್ ಇರುವ ಮನುಷ್ಯನಿಗೆ ಅಲ್ಲೇನು ಕೆಲಸ? ನನ್ನ ಯಜಮಾನರು ಕೂಡ, “ಅವರ ಮನೀಗೆ ವಿಳಾಸ ಗೊತ್ತಿತ್ತಲ್ಲ,” ಎಂದರು. ಟೀವಿಯಲ್ಲಿ ಆಗ ಅಮೆರಿಕದ ಅಧ್ಯಕ್ಷರ ವಿಚಾರಣೆ ದಿನವೂ ಬರುತ್ತಿತ್ತು. ಪ್ರಭಾಕರ್ ಹತ್ತು ಸಹಿ ಕೂಡಿಸಿ ತಂದು ನನ್ನ ಕೈಗಿಟ್ಟರು. “ಪಾಪ, ನಮ್ಮ ಹುಡುಗಿಗೆ ದ್ರೋಹ ಮಾಡಿದೋರು ಅಧ್ಯಕ್ಷರಾಗಿ ಇರಬಾರದು ಮೇಡಂ,” ಎಂದರು. ತನ್ನ ಮನೆ ಬಿಟ್ಟುಹೋದವಳ ಮೇಲೆ ಈ ಮನುಷ್ಯನಿಗೆ ಇಷ್ಟು ಕರುಣೆ ಯಾವಾಗ ಹುಟ್ಟಿತೆಂದು ನನಗೆ ಅನುಮಾನ ಬಂತು. ಮೇಷ್ಟ್ರ ಮೇಲೂ ಬಂದಿತ್ತು. ಇಬ್ಬರಲ್ಲಿ ಒಬ್ಬರನ್ನೂ ನಾನು ಬಿಡಲಿಲ್ಲ.

ಫೆಬ್ರವರಿಯ ಒಂದು ಭಾನುವಾರ ಮಧ್ಯಾಹ್ನ ಹಾಲ್ ತುಂಬಿತ್ತು. ಪುಳಿಯೋಗರೆಯ ಸಭೆಗಳಿಗೆ ಬಾರದವರೂ ಬಂದಿದ್ದರು. ವಸಂತಾ ಮೊದಲ ಸಾಲಿನಲ್ಲಿ ಶಾಲು ಹೊದ್ದು ನೆಲ ನೋಡುತ್ತಾ ಕೂತಿದ್ದರು. ಹೇಳಿಕೊಟ್ಟವರು ಎಂಬ ಹೆಸರು ಒಮ್ಮೆ ಅಂಟಿತೆಂದರೆ ಆ ದಂಪತಿಗೆ ಇಲ್ಲಿ ಒಂದು ಲೋಟ ನೀರು ಕೊಡುವವರೂ ಇರುತ್ತಿರಲಿಲ್ಲ.

ಪ್ರಭಾಕರ್ ಎದ್ದು ಕೇಳಿದರು. “ಮೇಷ್ಟ್ರೇ, ನೀವು ಕ್ರಾಯ್ಡನ್‌ಗೆ ಹೋಗಿದ್ರೋ ಇಲ್ವೋ?”

“ಐದನೇ ಕಲಮಿನ ಪ್ರಕಾರ ನಾನು ಉತ್ತರ ಕೊಡಲ್ಲ,” ಎಂದರು ಮೇಷ್ಟ್ರು.

ಹಾಲ್‌ನಲ್ಲಿ ಗುಸುಗುಸು ಎದ್ದಿತು. ಹಿಂದಿನಿಂದ ಯಾರೋ, “ತಪ್ಪು ಮಾಡ್ದೋರೇ ಬಾಯಿ ಮುಚ್ಕೊಳ್ಳೋದು,” ಎಂದರು. ನನಗೂ ಹಾಗೆಯೇ ಅನ್ನಿಸಿತು, ಸುಳ್ಳೇಕೆ ಹೇಳಲಿ. ನನ್ನ ಅಡಿಗೆಮನೆಯಲ್ಲಿ ಬಾಣಸಿಗ ಮಾತಾಡದಿದ್ದರೆ ಸಾರು ಹಳಸಿದೆ ಎಂದೇ ಅರ್ಥ.

ಪ್ರಭಾಕರ್ ನನ್ನತ್ತ ತಿರುಗಿದರು. “ಮೇಡಂ, ಇದು ಅಮೆರಿಕ ಅಲ್ಲ. ಇಲ್ಲಿ ಪೊಲೀಸರು ಹಿಡಿದಾಗ ಏನು ಹೇಳ್ತಾರೆ ಗೊತ್ತಲ್ಲ? ಈಗ ಹೇಳದೇ ಇದ್ದದ್ದನ್ನ ಆಮೇಲೆ ಕೋರ್ಟಲ್ಲಿ ಹೇಳಿದ್ರೆ ನಿಮಗೇ ತೊಂದರೆ ಆಗಬಹುದು ಅಂತ. ಈ ದೇಶದಲ್ಲಿ ಸುಮ್ಮನಿದ್ರೆ ಅದಕ್ಕೂ ಅರ್ಥ ಹಚ್ಚಬಹುದು. ಹಚ್ಚಿ.”

ಎಲ್ಲರೂ ನನ್ನನ್ನೇ ನೋಡಿದರು. ಅವರು ಹೇಳಿದ್ದು ಈ ದೇಶದ ಮಟ್ಟಿಗೆ ನಿಜವೇ. ನಾನು ಹಾಳೆ ತಿರುವಿದೆ. ಐದನೇ ಕಲಮಿನ ಕೆಳಗೆ ಮೇಷ್ಟ್ರು ಇನ್ನೊಂದು ಸಾಲು ಸೇರಿಸಿದ್ದರು, ಮೌನವನ್ನು ತಪ್ಪೊಪ್ಪಿಗೆ ಎಂದು ಎಣಿಸತಕ್ಕದ್ದಲ್ಲ. ನಾವೆಲ್ಲ ಓದದೆಯೇ ಸಹಿ ಹಾಕಿದ್ದ ಸಾಲು.

“ಡಾಕ್ಟ್ರ, ನನ್ನ ಮನಸ್ಸಿನ್ಯಾಗ ಏನ್ ಐತಿ ಅನ್ನೂದು ಬ್ಯಾರೆ ಮಾತು,” ಎಂದೆ. “ಈ ಹಾಳ್ಯಾಗ ಹಿಂಗ ಬರದೈತಿ, ನೀವೂ ಸಹಿ ಮಾಡೀರಿ. ಅವರ ಮೌನ ಲೆಕ್ಕಕ್ಕಿಲ್ಲ. ನಿಮ್ಮ ಹತ್ರ ಸಾಕ್ಷಿ ಇದ್ರ ತರ್ರಿ.”

“ನೋಡಿದವರಿದ್ದಾರೆ.”

“ಯಾರು?”

“ಹೆಸರು ಯಾಕೆ ಬೇಕು? ನೋಡಿದವರಿದ್ದಾರೆ.”

“ಆರನೇ ಕಲಮು ಓದ್ಲೇನು? ನೋಡಿದವ್ರು ಇಲ್ಲಿ ಬಂದು ನಿಂದ್ರಬೇಕು. ಇಲ್ಲಾಂದ್ರ ಇದು ಗಾಳಿ ಸುದ್ದಿ.”

ಪ್ರಭಾಕರ್ ಪಕ್ಕದಲ್ಲಿದ್ದ ನಳಿನಿಯೇ ಸಿಡುಕಿ ಎದ್ದರು. “ನಾನು ನೋಡಿದೆ. ನನ್ನ ಕಣ್ಣಾರೆ ನೋಡಿದೆ. ಎರಡನೇ ಮಹಡೀಲಿ ಕೂತಿದ್ರು. ಸುಳ್ಳು ಹೇಳೋದಕ್ಕೆ ನನಗೇನಾಗಿದೆ?”

ಆರೋಪಿಗೆ ಸಾಕ್ಷಿಯನ್ನು ಪ್ರಶ್ನಿಸುವ ಹಕ್ಕಿತ್ತು. ನಾನು ಮೇಷ್ಟ್ರತ್ತ ನೋಡಿದೆ. ಅವರು ಕೂತಲ್ಲಿಂದಲೇ ಮೆಲ್ಲಗೆ, “ನೀವು ಅಲ್ಲಿಗೆ ಯಾಕೆ ಹೋಗಿದ್ರಮ್ಮ?” ಎಂದರು.

ನಳಿನಿ ಗಂಡನ ಮುಖ ನೋಡಿದರು. ಪ್ರಭಾಕರ್, “ಅದು ಇಲ್ಲಿಗೆ ಸಂಬಂಧ ಇಲ್ಲದ್ದು,” ಎಂದರು. ಮೇಲೆ ಒಂದು ವಿಮಾನ ಇಳಿಯುತ್ತಾ ಕಿಟಕಿಗಳನ್ನು ಅಲುಗಿಸಿ ಹೋಯಿತು. ನಳಿನಿಯ ಬಾಯಿ ಬಿಡಿಸಬೇಕೆಂದು ನನಗೆ ಎಷ್ಟು ಆಸೆಯಾಯಿತೆಂದರೆ ಕುರ್ಚಿಯ ತುದಿಗೆ ಬಂದಿದ್ದೆ.

ಆಗ ಮೇಷ್ಟ್ರೇ ಕೈಯೆತ್ತಿದರು. “ಉತ್ತರ ಕೊಡಲೇಬೇಕು ಅಂತಿಲ್ಲ. ಐದನೇ ಕಲಮು ಅವರಿಗೂ ಇದೆ. ಕೂತ್ಕೊಳ್ಳಲಿ.”

ಇಂಥ ಸಿಟ್ಟು ನನಗೆ ಜನ್ಮದಲ್ಲಿ ಬಂದಿರಲಿಲ್ಲ. ಗೆಲ್ಲುವ ದಾರಿ ಕಾಲಬುಡಕ್ಕೆ ಬಂದಾಗ ಅದನ್ನು ಒದ್ದವರನ್ನು ಏನೆನ್ನಬೇಕು? ಮತಕ್ಕೆ ಹಾಕಿದೆ. ಕೈಗಳನ್ನು ಎಣಿಸಿದರೆ ಅರ್ಧಕ್ಕಿಂತ ಹೆಚ್ಚು ಮಂದಿ ಮೇಷ್ಟ್ರು ಹೋಗಲಿ ಎಂದವರೇ, ಎರಡು ಪಾಲಿಗೆ ಸ್ವಲ್ಪ ಕಡಿಮೆ. ನಿಯಮದ ಪ್ರಕಾರ ಅವರು ಅಧ್ಯಕ್ಷರಾಗಿ ಉಳಿದರು. ಅವರನ್ನು ಅಭಿನಂದಿಸಲು ಒಬ್ಬರೂ ಬರಲಿಲ್ಲ.

ಮುಂದಿನ ತಿಂಗಳ ಊಟಕ್ಕೆ ವಸಂತಾ ಮಾಡಿ ತಂದ ಕೋಸಂಬರಿಯನ್ನು ಯಾರೂ ಮುಟ್ಟಲಿಲ್ಲ. ನಮಸ್ಕಾರ ಅನ್ನುತ್ತಿದ್ದರು, ಮುಂದೆ ಹೋಗುತ್ತಿದ್ದರು. ಪ್ರಭಾಕರ್ ದಂಪತಿಯ ಹತ್ತಿರವೂ ಜನ ಮೊದಲಿನಂತೆ ಕೂರುತ್ತಿರಲಿಲ್ಲ. ಮೇಷ್ಟ್ರ ಕುರ್ಚಿ ಉಳಿಸಲು ಅಷ್ಟೆಲ್ಲ ಕಲಮುಗಳಿದ್ದವು, ಆ ಕೋಸಂಬರಿಗೆ ಒಂದೂ ಇರಲಿಲ್ಲ. ವಸಂತಾ ಪಾತ್ರೆಗೆ ಮುಚ್ಚಳ ಹಾಕಿ ಚೀಲಕ್ಕೆ ಇಟ್ಟುಕೊಳ್ಳುವುದನ್ನು ಕಂಡೆ, ಆದರೂ ಅನುಮಾನ ಇಳಿಯಲಿಲ್ಲ. ಕ್ರಾಯ್ಡನ್‌ಗೆ ಯಾಕೆ ಹೋಗಿದ್ದರು? ಬಸ್ಸಿನಲ್ಲಿ, ಕೆಲಸದಲ್ಲಿ, ಥರ್ಮಾಮೀಟರ್ ಚುಚ್ಚುವಾಗಲೂ ಇದೇ ಪ್ರಶ್ನೆ. ತೀರ್ಪು ಕೊಟ್ಟಾಗಿತ್ತು, ನನಗೆ ಮಾತ್ರ ಉತ್ತರ ಬೇಕಿತ್ತು.

ಮಾರ್ಚ್ ಕೊನೆಯ ಒಂದು ಮಧ್ಯಾಹ್ನ ಬೆಳ್ಳುಳ್ಳಿ ಹಾಕದ ಶೇಂಗಾ ಹಿಂಡಿ, ಅಂದರೆ ಚಟ್ನಿಪುಡಿ, ಕೊಡುವ ನೆಪದಲ್ಲಿ ಅವರ ಮನೆಗೆ ಹೋದೆ. ಬೆಳ್ಳುಳ್ಳಿ ಹೊಸ್ತಿಲು ದಾಟದ ಮನೆ ಅದು. ಈರುಳ್ಳಿಯೂ ಅಷ್ಟಕ್ಕಷ್ಟೇ. ಮೇಷ್ಟ್ರು ಬಾಗಿಲನ್ನು ಅರ್ಧ ತೆರೆದು, ಒಳಗೆ ಬನ್ನಿ ಎನ್ನದೆ ಡಬ್ಬಿಗೆ ಕೈ ಚಾಚಿದರು. ಅವರ ಹೆಗಲ ಹಿಂದಿನಿಂದ ಘಮ ಬಂತು. ಸೊಪ್ಪು ಬೇಳೆ ಬಸಿದ ಕಟ್ಟು, ಹುರಿದ ಈರುಳ್ಳಿ, ಕಾಯಿ, ಮೆಣಸು, ಜಜ್ಜಿ ಹಾಕಿದ ಬೆಳ್ಳುಳ್ಳಿಯ ಒಗ್ಗರಣೆ. ಈ ಬಸ್ಸಾರನ್ನು ಸೌತ್‌ಹಾಲ್‌ನ ಆ ಕೋಣೆಯಲ್ಲಿ ನೆಲದ ಮೇಲೆ ಕೂತು ಎಷ್ಟು ಸಲ ಉಂಡಿದ್ದೆನೋ.

“ಮೇಷ್ಟ್ರೇ, ಜಯಮ್ಮ ಒಳಗದಾಳ,” ಎಂದೆ.

“ಐದನೇ ಕಲಮು, ಪದ್ಮಾವತಿಯವರೇ.” ಅವರ ಮುಖ ಬಿಳಿಚಿತ್ತು.

ಆದರೆ ನನ್ನ ದನಿ ಕೇಳಿ ಜಯಮ್ಮನೇ ಹಜಾರಕ್ಕೆ ಬಂದಳು. ಬಡಕಲಾಗಿದ್ದಳು, ಕಣ್ಣು ಮಾತ್ರ ಹಾಗೇ ಇತ್ತು. “ಒಳಕ್ಕೆ ಬನ್ನಿ ಅಕ್ಕ, ಬಾಗ್ಲಲ್ಲಿ ನಿಂತ್ರೆ ನಾಕು ಜನ ನೋಡ್ತರೆ,” ಎಂದಳು. ಒಳಗೆ ಹೋಗಿ ನಾನು ಅತ್ತುಬಿಟ್ಟೆ. ಬದುಕಿದ್ದಾಳೆ, ಇಲ್ಲೇ ಇದ್ದಾಳೆ, ಅಷ್ಟು ಸಾಕಿತ್ತು.

ಆಮೇಲೆ ಒಂದೊಂದಾಗಿ ತಿಳಿಯಿತು. ಪ್ರಭಾಕರ್ ಮನೆಯಲ್ಲಿ ಅವಳ ಪಾಸ್‌ಪೋರ್ಟನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದ್ದರು. ಮಲಗಲು ಬಟ್ಟೆ ಒಗೆಯುವ ಯಂತ್ರದ ಪಕ್ಕ ಜಾಗ. ಒಬ್ಬಳೇ ಹೊರಗೆ ಹೋಗುವಂತಿಲ್ಲ, ಎದುರು ಮಾತಾಡಿದರೆ ಕೈ ಬೀಳುತ್ತಿತ್ತು. 'ಇಲ್ಲಿ ನಿನಗ್ಯಾವ ಹಕ್ಕೂ ಇಲ್ಲ' ಎಂದು ನಳಿನಿ ದಿನಾ ಹೇಳುತ್ತಿದ್ದರಂತೆ. ಇಂಥ ಮನೆ ಬಿಟ್ಟು ಬಂದ ಕೆಲಸದವರಿಗೆ ಕಾಯಂ ಆಗಲು ಸರ್ಕಾರ ಆಗಷ್ಟೇ ಒಂದು ದಾರಿ ಮಾಡುತ್ತಿತ್ತು. ಅದನ್ನು ವಿಚಾರಿಸಲೆಂದೇ ಮೇಷ್ಟ್ರು ಕ್ರಾಯ್ಡನ್‌ಗೆ ಹೋಗಿದ್ದರು. ಬಾಗಿಲು ಬಡಿದ ದಿನದಿಂದ ಅವಳು ಇವರ ಮನೆಯಲ್ಲೇ ಇದ್ದಳು. ಹಾಲ್‌ನಲ್ಲಿ ಬಾಯಿ ಬಿಟ್ಟಿದ್ದರೆ ಅರ್ಜಿ ಹಾಕುವ ಮುಂಚೆಯೇ ಪ್ರಭಾಕರ್‌ಗೆ ಎಲ್ಲವೂ ತಿಳಿಯುತ್ತಿತ್ತು.

“ನನಗರೆ ಒಂದು ಮಾತು ಹೇಳಬಾರದಿತ್ತೇನ್ರೀ?” ಎಂದೆ.

ಮೇಷ್ಟ್ರು ಕನ್ನಡಕ ಒರೆಸಿದರು. “ಆ ಕೋಣೆ ಗೊತ್ತಿದ್ದೋರು ಮೂರ್ನಾಲ್ಕು ಜನ. ಅದರಲ್ಲಿ ನೀವೂ ಒಬ್ಬರು. ನಿಮ್ಮ ಮೇಲೂ ಅನುಮಾನ ಇತ್ತು.”

“ನನ್ನ ಮ್ಯಾಲ? ಹಂಗಿದ್ರ ನಾ ಪೀಠದ ಮ್ಯಾಲ ಕೂತಾಗ ಯಾಕ ಬ್ಯಾಡ ಅನ್ಲಿಲ್ಲ?”

“ನಂಬಿಕೆ ಇದ್ದ ಕಡೆ ಸಂವಿಧಾನ ಯಾಕೆ ಬೇಕು? ನಂಬಿಕೆ ಇಲ್ಲದವರ ಕೈಲೂ ನ್ಯಾಯ ಸಿಗಲಿ ಅಂತಲೇ ಅದನ್ನ ಬರೆಯೋದು.” ಪಾಠ ಹೇಳುವ ದನಿಯಲ್ಲೇ ಹೇಳಿದರು. ವಸಂತಾ ಆ ಮಧ್ಯಾಹ್ನ ಮೊದಲ ಸಲ ನಕ್ಕರು.

ಜಯಮ್ಮ ನನಗೆ ತಟ್ಟೆ ಹಾಕಿದಳು. ಮುದ್ದೆ, ಬಸ್ಸಾರು, ಪಲ್ಯ. ಬಡಿಸುತ್ತಾ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು, “ಅಕ್ಕ, ಒಂದು ಮಾತು ಕೇಳ್ತೀನಿ, ಬೇಜಾರ್ ಮಾಡ್ಕೋಬೇಡಿ. ಆ ಕೋಣೆ ವಿಚಾರ ನೀವೇನಾದ್ರೂ ಹೇಳಿದ್ರಾ ಅವ್ರಿಗೆ?” ಎಂದಳು.

“ಇಲ್ಲವ್ವಾ. ನನ್ನ ಮಗಳಾಣಿ.”

“ಸರಿ ಬಿಡಿ,” ಎಂದು ಇನ್ನೊಂದು ಸೌಟು ಸಾರು ಬಡಿಸಿದಳು. ಹೊಟ್ಟೆ ಬಿರಿಯುವಂತೆ ಉಂಡೆ. ಹೊರಡುವಾಗ ಬಾಗಿಲವರೆಗೆ ಬಂದು ನನ್ನ ಕೈ ಹಿಡಿದುಕೊಂಡಳು.

ಮರುದಿನ ವಸಂತಾ ಫೋನ್ ಮಾಡಿದರು. ನಾನು ಹೊರಟ ಸ್ವಲ್ಪ ಹೊತ್ತಿಗೇ ಜಯಮ್ಮ ಚೀಲ ತುಂಬಿಕೊಂಡು ಹೋದಳಂತೆ. ಎಷ್ಟು ಹೇಳಿದರೂ ನಿಲ್ಲಲಿಲ್ಲವಂತೆ. “ಪದ್ಮಕ್ಕಂಗೆ ಈಗ ಈ ಮನೆ ಗೊತ್ತಾಯ್ತಲ್ಲ ಅಂದಳು,” ಎಂದು ವಸಂತಾ ಹೇಳಿದರು. ಅಷ್ಟು ಅವಮಾನ ನನಗೆ ಯಾರೂ ಮಾಡಿರಲಿಲ್ಲ, ಮಾಡಿದವಳ ಮೇಲೆ ಸಿಟ್ಟೂ ಬರಲಿಲ್ಲ. ಎಲ್ಲಿಗೆ ಹೋದಳು ಎಂದೆ. ನಾವೂ ಕೇಳಲಿಲ್ಲ ಎಂದರು.

ಯಾರು ಹೇಳಿಕೊಟ್ಟರೆಂದು ಇವತ್ತಿಗೂ ಗೊತ್ತಿಲ್ಲ. ನನಗೊಂದು ಅನುಮಾನವಿದೆ, ಸಾಕ್ಷಿಯಿಲ್ಲ, ಆದ್ದರಿಂದ ಬರೆಯುವುದಿಲ್ಲ. ಆ ವರ್ಷದ ಕೊನೆಗೆ ಜಯಮ್ಮನಿಗೆ ಇಲ್ಲಿರಲು ಅನುಮತಿ ಸಿಕ್ಕಿತೆಂದು ಮೇಷ್ಟ್ರು ಹೇಳಿದರು. ಎಲ್ಲಿದ್ದಾಳೆ ಎಂಬ ಮಾತು ನಾಲಗೆಯ ತುದಿಗೆ ಬಂತು, ಕೇಳಲಿಲ್ಲ. ಅವಳು ಮಾಡಿದ್ದು ಸರಿ. ಅವಳ ಜಾಗದಲ್ಲಿ ನಾನಿದ್ದಿದ್ದರೆ ಊಟ ಬಡಿಸುವವರೆಗೂ ಕಾಯುತ್ತಿರಲಿಲ್ಲ.